ಮಂಡಿ ಭಾನುವಾರದ ಹಳದಿ ಕೋಟು

ನೀವು ಎಂತೆಂಥಾ ಹೀರೋಗಳನ್ನ ನೋಡಿದ್ದೀರೋ ನನಗೆ ಗೊತ್ತಿಲ್ಲ. ಒಬ್ಬ ಹತ್ತು ಜನಕ್ಕೆ ಹೊಡೀತಾನೆ, ಇನ್ನೊಬ್ಬ ಓಡೋ ರೈಲಿಂದ ಹಾರ್ತಾನೆ, ಮತ್ತೊಬ್ಬ ಎದೆಗೆ ಗುಂಡು ಬಿದ್ಮೇಲೂ ಕಾಲು ಗಂಟೆ ಮಾತಾಡ್ತಾನೆ. ನಮ್ಮ ಅರ್ಮಿರಿ ಊರಿನ ಅರ್ಗೀರಿಸ್ ಮುಂದೆ ಅವರೆಲ್ಲ ಗುಂಪಲ್ಲಿ ಗೋವಿಂದ ಅನ್ನೋ ಪಾರ್ಟಿನೋರು. ಯಾಕೆ ಅಂದ್ರೆ ಅವರು ಮಾಡಿದ್ದು ಬದುಕಿರೋರ ಪಾರ್ಟು. ಅರ್ಗೀರಿಸ್ ಮಾಡಿದ್ದು ಸತ್ತೋರ ಪಾರ್ಟು. ಅದೂ ಕತ್ತಲಲ್ಲಲ್ಲ, ಜೂನ್ ತಿಂಗಳ ಸುಡುಬಿಸಿಲಲ್ಲಿ. ಇಡೀ ಊರು ಕಡಲ ದಂಡೇಲಿ ಮಂಡಿಯೂರಿ ಕೂತಿರೋವಾಗ, ಸತ್ತೋರು ನಡ್ಕೊಂಡು ಹೋಗೋ ದಾರೀಲೇ, ಅವರ ಮಧ್ಯೇನೇ. ರೀಟೇಕ್ ಇಲ್ಲ, ಡೂಪ್ ಇಲ್ಲ, ಎದೆ ಒಂದು ಸಲಾನೂ ಡವ್ ಅನ್ಲಿಲ್ಲ. ನಂಬಿ ಬಿಡಿ, ಕೂತ್ಕೊಂಡು ಕೇಳಿ.

ಅರ್ಗೀರಿಸ್‌ಗೆ ಆಗ ಇಪ್ಪತ್ತೆರಡು. ಕೆಲಸ ಅಂದ್ರೆ ಮಾವನ ಕಾಫಿ ಅಂಗಡೀಲಿ ಕಪ್ಪು ತೊಳೆಯೋದು. ಉದ್ಯೋಗ ಅಂದ್ರೆ ಊರನ್ನ ಗೋಳು ಹೊಯ್ಕೊಳ್ಳೋದು. ಅಂಗಡಿ ಮೂಲೇಲಿ ಒಂದು ಹಳೇ ಟಿವಿ, ಅದರಲ್ಲಿ ದಿನಾ ಕಪ್ಪು-ಬಿಳುಪು ಸಿನಿಮಾ, ಹಾಗಾಗಿ ಅವನ ಬಾಯಲ್ಲಿ ಮಾತಿಗಿಂತ ಡೈಲಾಗೇ ಜಾಸ್ತಿ. ಯಾರಾದ್ರೂ ಕಾಫಿ ಕಹಿ ಅಂದ್ರೆ ಟ್ರೇನ ಎದೆಗೆ ಒತ್ಕೊಂಡು, "ಸಕ್ಕರೆ ಹಾಕಿದ್ದೀನಿ ಸ್ವಾಮಿ! ಕಹಿ ಇರೋದು ಕಪ್ಪಲ್ಲಲ್ಲ, ನಿಮ್ಮ ಬಾಳಲ್ಲಿ!" ಅಂತಿದ್ದ. ಈಸ್ಟರ್‌ಗೆ ಮುಂಚಿನ ವಾರ, ಚರ್ಚಲ್ಲಿ ನಮ್ಮ ಪಾದ್ರಿ ಪಾಪಾ-ಇಗ್ನಾಟಿಸ್, ಹುಂಜ ಕೂಗೋ ಮುಂಚೆ ಪೇತ್ರ ಮೂರು ಸಲ ಯೇಸುನ ಗೊತ್ತೇ ಇಲ್ಲ ಅಂದ ಭಾಗ ಓದ್ತಿದ್ರು. ಕರೆಕ್ಟಾಗಿ ಆ ಜಾಗಕ್ಕೆ ಕಂಬದ ಹಿಂದೆ ನಿಂತು ಫೋನಲ್ಲಿ ಹುಂಜ ಕೂಗಿಸ್ದ ಇವನು. ಅರ್ಧ ಊರು ಶಿಲುಬೆ ಗುರುತು ಹಾಕ್ಕೊಳ್ತು, ಇನ್ನರ್ಧ ಹೊಟ್ಟೆ ಹಿಡ್ಕೊಂಡು ನಕ್ತು. ಪಾಪಾ-ಇಗ್ನಾಟಿಸ್ ಪುಸ್ತಕದಿಂದ ತಲೆ ಎತ್ತದೇ, "ಹುಂಜದ ವಿಚಾರ ಆಮೇಲೆ ನೋಡ್ಕೋತೀನಿ" ಅಂದು ಮುಂದಿನ ಸಾಲಿಗೆ ಹೋದ್ರು.

ಈ ಕಪಿಗೆ ಊರಲ್ಲಿ ಒಬ್ಬರೇ ಅಭಿಮಾನಿ. ಮೀನುಗಾರ ಬಾರ್ಬಾ ಪಾಂಡೆಲಿಸ್. ಬಾರ್ಬಾ ಅಂದ್ರೆ ನಮ್ಮಲ್ಲಿ ದೊಡ್ಡಪ್ಪ ಅಂದ ಹಾಗೆ. ಬೆಳಿಗ್ಗೆ ಬಲೆ ಎಳೆದು ಮುಗಿಸಿ, ಎಡಗಾಲು ಎಳ್ಕೊಂಡು ಅಂಗಡಿಗೆ ಬರೋರು. ಚಿಕ್ಕ ವಯಸ್ಸಲ್ಲಿ ದೋಣಿಯ ರಾಟೆಗೆ ಸಿಕ್ಕಿದ ಕಾಲು ಅದು, ದಂಡೆ ಕಲ್ಲಿನ ಮೇಲೆ ನಡೆದ್ರೆ ಒಂದು ಹೆಜ್ಜೆ 'ಕರಕ್' ಅನ್ನೋದು, ಇನ್ನೊಂದು 'ಸರ್ರ್' ಅನ್ನೋದು. ಅರ್ಗೀರಿಸ್ ಟಿವಿ ಮುಂದೆ ಬಾಯಿ ಬಿಟ್ಕೊಂಡು ನಿಂತಿದ್ರೆ ಹಿಂದಿಂದ ಬಂದು, ಉಪ್ಪುನೀರಿನ ಒದ್ದೆ ಬೆರಳಲ್ಲಿ ಅವನ ಎಡಗಿವಿಗೆ ಟಪ್ ಅಂತ ಒಂದು ಬಿಡೋರು. "ಏಳೋ ಹೀರೋ, ಒಲೆ ಮೇಲೆ ಕಾಫಿ ಉಕ್ತಿದೆ."

ಡಿಸೆಂಬರಲ್ಲಿ ಒಂದಿನ ಅವರ ದೋಣಿ ಖಾಲಿ ಸಿಕ್ತು. ಇಂಜಿನ್ ಓಡ್ತಾನೇ ಇತ್ತು. ಬಲೆ ಅರ್ಧ ಒಳಗೆ, ಅರ್ಧ ನೀರಲ್ಲಿ. ದೋಣೀನ ಎಳ್ಕೊಂಡು ಬಂದು ದಂಡೇಲಿ ಹಾಕಿದ್ರು. ಪಾಂಡೆಲಿಸ್ ಮಾತ್ರ ಸಿಗ್ಲಿಲ್ಲ.

ಆವತ್ತು ಬೆಳಿಗ್ಗೆ ಅವರು ತಮ್ಮ ಹಳದಿ ರೈನ್‌ಕೋಟು ಹಾಕ್ಕೊಳ್ಳದೇ ಹೋಗಿದ್ರು. ಹಿಂದಿನ ದಿನ ಹೆಂಡ್ತಿ ಉರಾನಿಯಾ ಅದನ್ನ ಒಗೆದು ಹಗ್ಗಕ್ಕೆ ಹಾಕಿದ್ರು, ಒಣಗಿರ್ಲಿಲ್ಲ. "ಬಿಡಿ, ಇವತ್ತು ಗಾಳಿ ಇಲ್ಲ" ಅಂದಿದ್ದೂ ಅವರೇ. ಮಧ್ಯಾಹ್ನ ಬಡಗಣ ಗಾಳಿ ಎದ್ದಿತ್ತು. ಕೋಟು ಇದ್ದಿದ್ರೆ ಮುಳುಗ್ತಿರ್ಲಿಲ್ಲ ಅಂತ ಯಾರೂ ಹೇಳಲ್ಲ, ಆದ್ರೆ ಉರಾನಿಯಾ ತಲೇಲಿ ಒಂದೇ ಮಾತು ಕೂತ್ಬಿಡ್ತು: ಅವರಿಗೆ ಚಳಿ ಆಗ್ತಿದೆ.

ಅಂದಿನಿಂದ ದಿನಾ ಬೆಳಿಗ್ಗೆ ಕೋಟನ್ನ ತೋಳ ಮೇಲೆ ಹಾಕ್ಕೊಂಡು ದಂಡೆಗೆ ಹೋಗೋರು. ನಿಂತಿರೋರು. ವಾಪಸ್ ಬಂದು ಬಾಗಿಲ ಹಿಂದಿನ ಮೊಳೆಗೆ ನೇತು ಹಾಕೋರು. ಗಂಡ ಸತ್ತೋರು ಉಡೋ ಕಪ್ಪು ಬಟ್ಟೆ ಉಡ್ಲಿಲ್ಲ. ಸತ್ತೋರ ಹೆಸರಲ್ಲಿ ಸಕ್ಕರೆ, ಬಾದಾಮಿ ಹಾಕಿ ಬೇಯಿಸಿ ಹಂಚೋ ಗೋಧೀನೂ ಮಾಡ್ಲಿಲ್ಲ. ಊಟ ಅಂತ ಎರಡು ಆಲಿವ್ ಕಾಯಿ, ಬ್ರೆಡ್ಡಿನ ಒಂದು ಚೂರು. ಮಗಳು ಮಿರ್ಸಿನಿ ಬೇಕರೀಲಿ ಕೆಲಸ ಮಾಡ್ತಿದ್ಳು, ಊರಿಗೆಲ್ಲ ಬ್ರೆಡ್ಡು ಕೊಟ್ಟು ಬಂದು ಮನೇಲಿ ತಾಯಿ ಬಾಯಿಗೆ ತುತ್ತು ಹಾಕೋಕೆ ಹೆಣಗಾಡ್ತಿದ್ಳು. ಈಸ್ಟರ್ ಹೊತ್ತಿಗೆ ಉರಾನಿಯಾ ಅರ್ಧ ಆಗಿದ್ರು.

ಈಗ ನಮ್ಮೂರಿನ ಒಂದು ವಿಚಾರ ಹೇಳ್ಬೇಕು. ಈಸ್ಟರ್ ದಿನ ಸತ್ತೋರಿಗೆ ರಜಾ. ಅಲ್ಲಿಂದ ಏಳು ವಾರ ಅವರು ನಮ್ಮ ಜೊತೇಲೇ ಇರ್ತಾರೆ. ಆ ಏಳು ವಾರ ಯಾರೂ ದ್ರಾಕ್ಷಿ ಬಳ್ಳಿ ಕತ್ತರಿಸಲ್ಲ, ಕುಡಿ ಮೇಲೆ ಯಾರು ಕೂತಿರ್ತಾರೋ ಏನೋ. ಕುದಿಯೋ ನೀರನ್ನ ಬಾಗಿಲಾಚೆ ಚೆಲ್ಲಲ್ಲ. ಅರ್ಗೀರಿಸ್‌ನ ಮಾವ ಅಂಗಡಿ ಮುಂದೆ ಒಂದು ಕುರ್ಚಿ ಖಾಲಿ ಬಿಟ್ಟು, ಅದರ ಎದುರಿಗೆ ಒಂದು ಲೋಟ ನೀರು ಇಡೋರು. ಆ ವರ್ಷ ಬೆಳಿಗ್ಗೆ ಬೆಳಿಗ್ಗೆ ಆ ಲೋಟ ಅರ್ಧ ಖಾಲಿ ಆಗಿರೋದು. "ಬಿಸಿಲಿಗೆ ಆರಿದೆ" ಅಂತಿದ್ದ ಅರ್ಗೀರಿಸ್, ಮತ್ತೆ ತುಂಬಿಸೋನು. ಅಂಗಡಿ ಮುಂದೆ ಬಿಸಿಲು ಬೀಳೋದು ಮಧ್ಯಾಹ್ನದ ಮೇಲೆ.

ಏಳು ವಾರ ಮುಗಿಯೋ ದಿನ ಮಂಡಿ ಭಾನುವಾರ. ಆವತ್ತು ಸತ್ತೋರು ವಾಪಸ್ ಹೋಗ್ತಾರೆ. ಪಾದ್ರಿ ಉದ್ದುದ್ದ ಪ್ರಾರ್ಥನೆ ಓದ್ತಾರೆ, ಎಲ್ಲರೂ ಮಂಡಿಯೂರಿ, ಅಕ್ರೋಟು ಎಲೆಗಳನ್ನ ಕಣ್ಣಿಗೆ ಒತ್ಕೊಂಡು ತಲೆ ಬಗ್ಗಿಸ್ತಾರೆ. ನೋಡಬಾರದು, ಕರೀಬಾರದು. ಕರೆದ್ರೆ ಅವರು ತಿರುಗ್ತಾರೆ, ತಿರುಗಿ ಕಣ್ಣೀರು ನೋಡಿದ್ರೆ ಹೋಗೋಕಾಗಲ್ಲ. ಹೋಗದೇ ಇರೋರು ಬದುಕೋದೂ ಇಲ್ಲ. ಹಿಂದೆ ಕಲಿರೋಯಿ ಅಂತ ಒಬ್ಬಾಕೆ ಮಗಳನ್ನ ಕರೆದಿದ್ಳಂತೆ. ಸಾಯೋವರೆಗೂ ಅಡುಗೆಮನೆ ಮೂಲೆಗೆ ಮಾತಾಡ್ತಾ, ಎರಡು ಚಮಚ ಇಟ್ಕೊಂಡು ಒಂದೇ ತಟ್ಟೇಲಿ ಉಣ್ತಿದ್ಳಂತೆ. ಆ ಮನೆ ಬಾಗಿಲಿಗೆ ಈಗ ಇಟ್ಟಿಗೆ ಕಟ್ಟಿದ್ದಾರೆ, ಒಳಗೆ ಚಮಚದ ಸದ್ದು ಕೇಳುತ್ತೆ ಅಂತ ಪಕ್ಕದ ಮನೆಯೋರು ಖಾಲಿ ಮಾಡ್ಕೊಂಡು ಹೋದ್ರು.

ಬೇರೆ ಊರಿನೋರು ಚರ್ಚಿನೊಳಗೆ ಮಂಡಿಯೂರ್ತಾರೆ. ಅರ್ಮಿರಿಯೋರು ದಂಡೇಲಿ, ಕಡಲಿಗೆ ಮುಖ ಹಾಕಿ. ಯಾಕಂದ್ರೆ ನಮ್ಮ ಮುತ್ತಜ್ಜಂದಿರು ಸಾವಿರದ ಒಂಬೈನೂರ ಇಪ್ಪತ್ತೆರಡನೇ ಇಸವೀಲಿ, ಎದುರು ದಡದ ಅವರ ಊರಿಗೆ ಬೆಂಕಿ ಬಿದ್ದಾಗ, ಸಿಕ್ಕ ದೋಣಿ ಹತ್ಕೊಂಡು ಇಲ್ಲಿಗೆ ಬಂದೋರು. ಎಲ್ಲಾ ದೋಣೀನೂ ಬರ್ಲಿಲ್ಲ. ಬಾರದ ದೋಣಿಯ ಜನ ಆಮೇಲೆ ಬಂದ್ರು, ಒಬ್ಬೊಬ್ಬರೇ, ಅಲೆ ತಂದು ಹಾಕಿದ ಹಾಗೆ. ದಂಡೆ ಕೊನೇಲಿ ಆಗ ಇದ್ದಿದ್ದು ಒಂದು ಸೋಪಿನ ಕಾರ್ಖಾನೆ. ಬದುಕಿದೋರು ಅದರ ಉಗ್ರಾಣದಲ್ಲಿ ಮಲಗಿದ್ರು, ಸತ್ತೋರನ್ನ ಅದರ ಅಂಗಳದಲ್ಲಿ ಮಲಗಿಸಿದ್ರು. ಈಗ ಕಾರ್ಖಾನೆಯ ಚಿಮಣಿ ಮತ್ತೆ ಒಂದು ಗೋಡೆ ಉಳಿದಿದೆ. ದಂಡೆಯ ಉರುಟು ಕಲ್ಲುಗಳ ಮಧ್ಯೆ ಇನ್ನೂ ಅಂಗಿ ಗುಂಡಿಗಳು ಸಿಗ್ತವೆ. ಮಕ್ಕಳು ಮನೆಗೆ ತಂದ್ರೆ ಅಜ್ಜಿಯರು ಬೆನ್ನಿಗೆ ಗುದ್ದಿ ವಾಪಸ್ ಹಾಕಿಸ್ತಾರೆ. "ಅವರು ಹುಡುಕ್ತಿರ್ತಾರೆ ಕಣೋ."

ಆ ವರ್ಷ ಮಂಡಿ ಭಾನುವಾರ ಹತ್ರ ಬಂದಾಗ, ಒಂದು ಬೆಳಿಗ್ಗೆ ಪಾಪಾ-ಇಗ್ನಾಟಿಸ್ ಕಾಫಿ ಅಂಗಡಿ ಮುಂದೆ ಉರಾನಿಯಾರನ್ನ ನಿಲ್ಲಿಸಿದ್ರು. ತೋಳ ಮೇಲೆ ಕೋಟು ಇತ್ತು.

"ಈ ಸಲನಾದ್ರೂ ಗೋಧಿ ತಾಮ್ಮ ಉರಾನಿಯಾ. ಸತ್ತೋರ ಪಟ್ಟೀಲಿ ಅವನ ಹೆಸರು ಓದ್ತೀನಿ."

"ಬದುಕಿರೋರ ಜೊತೆ ಓದೋದಾದ್ರೆ ಓದಿ ಪಾಪಾ."

"ಆರು ತಿಂಗಳಾಯ್ತು."

"ಹೂಂ. ಆರು ತಿಂಗಳಿಂದ ಚಳೀಲಿದ್ದಾರೆ." ಉರಾನಿಯಾ ಅಂಗಡಿ ಕಡೆ ತಿರುಗಿ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು. "ಮೊದಲೇ ಹೇಳಿಬಿಡ್ತೀನಿ. ನೀವೆಲ್ಲ ಕಣ್ಣು ಮುಚ್ಕೊಳ್ಳಿ. ನಾನು ಮುಚ್ಚಲ್ಲ. ಹೆಸರು ಹಿಡಿದು ಕರೀತೀನಿ, ಈ ಕೋಟು ಹಾಕಿಸಿ ಮನೆಗೆ ಕರ್ಕೊಂಡು ಹೋಗ್ತೀನಿ."

ಪಗಡೆ ಆಡ್ತಿದ್ದೋರ ಕೈಯಲ್ಲಿ ದಾಳ ಹಾಗೇ ಉಳೀತು. ಖಾಲಿ ಕುರ್ಚಿ ಎದುರಿನ ಲೋಟ ತುಂಬಿಸ್ತಿದ್ದ ಅರ್ಗೀರಿಸ್‌ಗೆ ಮೊದಲ ಸಲ ಒಂದು ಡೈಲಾಗೂ ಹೊಳೀಲಿಲ್ಲ.

ಅದೇ ಸಂಜೆ ಮಿರ್ಸಿನಿ ಅಂಗಡಿ ಹಿಂದೆ ಬಂದು ಗೋಡೆಗೆ ಒರಗಿ ನಿಂತ್ಳು. ಒಂದೇ ಬೆಂಚಲ್ಲಿ ಕೂತು ಓದಿದೋರು ಇಬ್ಬರೂ.

"ಲೋ ಅರ್ಗೀರಿ, ಅಮ್ಮ ಕರೆದೇ ಕರೀತಾಳೆ ಕಣೋ. ಅಪ್ಪ ಬಂದ್ರೂ ಕಷ್ಟ, ಬರ್ಲಿಲ್ಲ ಅಂದ್ರೂ ಕಷ್ಟ. ಬರ್ಲಿಲ್ಲ ಅಂದ್ರೆ ಆ ದಂಡೇಲೇ ನಿಂತು ಒಣಗಿಹೋಗ್ತಾಳೆ."

ಅರ್ಗೀರಿಸ್ ಅಡುಗೆ ಬಟ್ಟೆ ಹೆಗಲಿಗೆ ಎಸೆದ. "ಬಾರ್ಬಾ ಪಾಂಡೆಲಿಸ್ ಬರ್ಲಿಲ್ಲ ಅಂದ್ರೆ ತಾನೇ ಕಷ್ಟ? ಬರ್ತಾರೆ. ಕೋಟು ಹಾಕ್ಕೊಂಡೇ ಬರ್ತಾರೆ. ಹೀರೋ ಎಂಟ್ರಿ ಕೊಟ್ಟು ಕಡಲೊಳಗೆ ಹೋಗಿಬಿಡ್ತಾರೆ."

"ಏನು ಬೊಗಳ್ತಿದ್ದೀಯಾ?"

"ಎಲ್ಲರ ಕಣ್ಣಿಗೂ ಎಲೆ ಇರುತ್ತೆ. ತೆರೆದಿರೋದು ನಿಮ್ಮಮ್ಮನದ್ದು ಮಾತ್ರ. ಸೋಪಿನ ಕಾರ್ಖಾನೆ ಗೋಡೆ ಹಿಂದಿಂದ ನಾನು ಬರ್ತೀನಿ. ಹಳದಿ ಕೋಟು, ಕಣ್ಣವರೆಗೆ ಟೋಪಿ. ಬೆನ್ನು ಮಾತ್ರ ಕಾಣ್ಬೇಕು. ಸೀದಾ ನೀರಿಗಿಳಿದು, ಒಳಗೊಳಗೇ ಈಜಿ ಕಾರ್ಖಾನೆ ಹಳೇ ಮೋರಿಯಿಂದ ಆಚೆ. ಆಮೇಲೆ ಕೋಟು ಒದ್ದೇಲೇ ಮೊಳೆಗೆ, ಅವರೇ ಬಿಟ್ಟು ಹೋದ ಹಾಗೆ. ನಿಮ್ಮಮ್ಮನ ಲೆಕ್ಕಕ್ಕೆ ಅಪ್ಪಂಗೆ ಕೋಟು ತಲುಪಿದ ಹಾಗೂ ಆಯ್ತು, ಅವರು ಹೊರಟ ಹಾಗೂ ಆಯ್ತು."

ಮಿರ್ಸಿನಿ ಅವನ ಕೆನ್ನೆಗೆ ಫಟೀರ್ ಅಂತ ಬಿಟ್ಳು. ಆಮೇಲೆ ಕೇಳಿದ್ಳು, "ಅಮ್ಮ ಕರೆದ್ರೆ?"

"ತಿರುಗಲ್ಲ."

"ಅತ್ರೆ?"

"ಸಾವೇ ನನ್ನ ಅಡ್ರೆಸ್ ಕೇಳ್ಕೊಂಡು ಬಂದ್ರೂ ತಪ್ಪು ಬೀದಿ ತೋರಿಸಿ ಕಳಿಸೋನು ಕಣೇ ಈ..."

"ಡೈಲಾಗ್ ಬೇಡ. ಅಮ್ಮ ಅತ್ರೆ?"

"ತಿರುಗಲ್ಲ," ಅಂದ ಅರ್ಗೀರಿಸ್, ಕೆನ್ನೆ ಸವರ್ಕೊಳ್ತಾ.

ಭಾನುವಾರ ಬಂತು. ಗಾಳಿ ಇಲ್ಲ, ಕಡಲು ಎಣ್ಣೆ ಸುರಿದ ಹಾಗೆ. ಎದುರು ದಡದ ಬೆಟ್ಟಗಳು ಕೈಗೆ ಸಿಗೋ ಹಾಗೆ ಕಾಣ್ತಿದ್ವು. ಉರಾನಿಯಾ ಕೋಟಿಗೆ ಕೈ ಹಾಕಿದ್ರೆ, ಮಿರ್ಸಿನಿ "ಅಮ್ಮ, ನೀನು ಹೋಗಿ ಮುಂದೆ ಜಾಗ ಹಿಡಿ, ಕೋಟು ನಾನು ತರ್ತೀನಿ" ಅಂತ ಕಳಿಸಿ, ಹಿಂದಿನ ಕಿಟಕಿಯಿಂದ ಅದನ್ನ ಅರ್ಗೀರಿಸ್ ಕೈಗೆ ಎಸೆದ್ಳು. ದಂಡೇಲಿ ತಾಯಿ ಕೇಳಿದ್ರೆ "ಮರೆತೆ" ಅಂದ್ಳು. ಅಷ್ಟರಲ್ಲಿ ಪ್ರಾರ್ಥನೆ ಶುರುವಾಗಿತ್ತು, ಎದ್ದು ಹೋಗೋ ಹಾಗಿರ್ಲಿಲ್ಲ. ಉರಾನಿಯಾ ಮೊದಲ ಸಾಲಲ್ಲಿ, ಗಂಡನ ದೋಣಿ ಪಕ್ಕದಲ್ಲಿ ಮಂಡಿಯೂರಿದ್ರು. ಕೈಯಲ್ಲಿ ಎಲೆ ಇರ್ಲಿಲ್ಲ. ಊರೆಲ್ಲ ಕಣ್ಣಿಗೆ ಹಸಿರು ಎಲೆ ಒತ್ಕೊಂಡು ಬಗ್ಗಿತು, ಆ ಒಂದು ತಲೆ ಮಾತ್ರ ನೆಟ್ಟಗೆ ನಿಂತಿತ್ತು.

ಇಲ್ಲಿಂದ ನೋಡಿ ನಮ್ಮ ಹೀರೋ ಆಟ. ಗೋಡೆ ಹಿಂದೆ ಕೋಟು ತೊಟ್ಟ. ಗುಂಡಿ ಹಾಕ್ಕೊಂಡ. ಟೋಪಿ ಇಳಿಸಿದ. ಬ್ಯಾಕ್‌ಗ್ರೌಂಡಲ್ಲಿ ಪಾಪಾ-ಇಗ್ನಾಟಿಸ್ ದನಿ, ಅದರ ಕೆಳಗೆ ಕಡಲಿನ ಉಸಿರು. ಚಿಮಣಿ ನೆರಳಿಂದ ಬಿಸಿಲಿಗೆ ಕಾಲಿಟ್ಟ. ಸ್ಲೋ ಮೋಷನ್ ಅಂದ್ಕೊಳ್ಳಿ. ಹಳದಿ ಕೋಟು ಝಗ್ ಅಂತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಅಕ್ಕಪಕ್ಕ ಕಲ್ಲು ಸರಿಯೋ ಸದ್ದು, ಹಿಂದೆ ಮುಂದೆ ಯಾರೋ ನಡೆದ ಹಾಗೆ, ಮಕ್ಕಳ ಕಾಲಿನ ಹಾಗೆ ಸಣ್ಣ ಸಣ್ಣ ಸದ್ದೂ ಇತ್ತು. ಬೇರೆಯೋರಾಗಿದ್ರೆ ಅಲ್ಲೇ ಚಡ್ಡಿ ಒದ್ದೆ. ಅರ್ಗೀರಿಸ್ ತಿರುಗ್ಲಿಲ್ಲ. ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು, ಕೋಟಿನ ಅಂಚು ನೀರ ಮೇಲೆ ಹೂವಿನ ಹಾಗೆ ಅರಳ್ತು. ಮುಳುಗಿದ. ಅಷ್ಟೇ. ಉರಾನಿಯಾ ಕರೀಲಿಲ್ಲ, ಒಂದು ಶಬ್ದ ಮಾಡ್ಲಿಲ್ಲ. ಇಡೀ ಊರು ಕಣ್ಣಿಂದ ಎಲೆ ತೆಗೆಯೋ ಹೊತ್ತಿಗೆ ಕಡಲು ಕನ್ನಡಿ ಆಗಿತ್ತು. ಹೇಗೆ ಸೀನು?

ಮನೆಗೆ ಬಂದ ಉರಾನಿಯಾ ಮೊಳೆಗೆ ನೇತಿದ್ದ ಕೋಟು ತೆಗೆದು, ನೀಟಾಗಿ ಮಡಚಿ, ಪೆಟ್ಟಿಗೆಯ ತಳದಲ್ಲಿಟ್ರು. ಅವರು ಬರೋದ್ರೊಳಗೆ ಅರ್ಗೀರಿಸ್ ಕಿಟಕಿಯಿಂದ ಅದನ್ನ ವಾಪಸ್ ಹಾಕಿದ್ದ. ಆಮೇಲೆ ಉರಾನಿಯಾ ಮಿರ್ಸಿನಿಗೆ, "ಏನಿದೆ ಊಟಕ್ಕೆ?" ಅಂದ್ರು. ಆರು ತಿಂಗಳಲ್ಲಿ ಮೊದಲ ಸಲ. ಬೀನ್ಸ್ ಸಾರು ಎರಡು ಬಟ್ಟಲು ಕುಡಿದು, ಬ್ರೆಡ್ಡಿನಿಂದ ಬಟ್ಟಲು ಒರೆಸಿ ತಿಂದ್ರು. ಮಾರನೇ ದಿನ ಕಪ್ಪು ಉಟ್ಕೊಂಡು, ಮುಂದಿನ ಭಾನುವಾರಕ್ಕೆ ಗೋಧಿ ನೆನೆಸಬೇಕು ಅಂದ್ರು.

ಮಿರ್ಸಿನಿ ಕಾಫಿ ಅಂಗಡಿಗೆ ಓಡಿ ಬಂದು ಅರ್ಗೀರಿಸ್‌ನ ಕೆನ್ನೆಗೆ, ಆವತ್ತು ಹೊಡೆದಿದ್ದ ಜಾಗಕ್ಕೇ, ಒಂದು ಮುತ್ತು ಕೊಟ್ಳು.

"ಅಮ್ಮ ಏನೂ ಹೇಳ್ತಿಲ್ಲ ಕಣೋ. 'ನೋಡ್ದೆ, ಹೋದ್ರು' ಅಂತಾಳೆ ಅಷ್ಟೇ. ಆದ್ರೆ ಊಟ ಮಾಡಿದ್ಳು. ನಿನ್ನ ಋಣ ತೀರಿಸೋಕಾಗಲ್ಲ."

"ಋಣ ಎಲ್ಲ ಯಾಕೆ. ನನ್ನ ಫೋಟೋಗೆ ದಿನಾ ಒಂದು ಬಿಸಿ ಬ್ರೆಡ್ಡು ಇಟ್ರೆ ಸಾಕು."

"ಕೋಟು ಮಾತ್ರ ಒಣಗೇ ಇತ್ತಲ್ಲೋ? ನೀರಿಗಿಳಿದೆ ಅಂದೆ?"

"ಬಿಸಿಲು ಕಣೇ," ಅಂದ ಅರ್ಗೀರಿಸ್, ಆ ಕಡೆ ತಿರುಗಿ ಕಪ್ಪು ತೊಳೀತಾ.

ಮುಂದಿನ ಭಾನುವಾರ ಚರ್ಚಿನ ಅಂಗಳದಲ್ಲಿ ಪಾಂಡೆಲಿಸ್ ಹೆಸರಲ್ಲಿ ಗೋಧಿ ಹಂಚಿದ್ರು. ಮೇಲೆ ಬಿಳಿ ಸಕ್ಕರೆ, ದಾಳಿಂಬೆ ಕಾಳು, ಬಾದಾಮೀಲಿ ಶಿಲುಬೆ ಗುರುತು. ಉರಾನಿಯಾ ಸ್ವತಃ ಒಂದು ಲೋಟ ತುಂಬಿ ಅರ್ಗೀರಿಸ್ ಕೈಗೆ ಕೊಟ್ರು. ಪಕ್ಕದಲ್ಲಿ ಮಿರ್ಸಿನಿ ತಟ್ಟೆ ಹಿಡ್ಕೊಂಡಿದ್ಳು.

"ತಿನ್ನೋ. ನಿನ್ನ ಕಂಡ್ರೆ ಅವರಿಗೆ ಇಷ್ಟ ಇತ್ತು."

"ಉರಾನಿಯಾ ಅಮ್ಮ," ಅಂದ ಅರ್ಗೀರಿಸ್. ಬಾಯಿ ಸುಮ್ಮನಿರಬೇಕಲ್ಲ ಅವನದ್ದು. "ಕರೀತೀನಿ ಅಂದಿದ್ರಿ. ಯಾಕೆ ಕರೀಲಿಲ್ಲ?"

ಉರಾನಿಯಾ ಚಮಚದಿಂದ ಸಕ್ಕರೆ ಸರಿಮಾಡ್ತಾ ಹೇಳಿದ್ರು, ಬೇರೆ ಯಾರದೋ ವಿಚಾರ ಹೇಳೋ ಹಾಗೆ.

"ಬಾಯಿ ತೆಗೆದಿದ್ದೆ ಕಣೋ. ಅಷ್ಟರಲ್ಲಿ ಕಾಲು ಎಳ್ಕೊಂಡು ನನ್ನ ಮುಂದೇನೇ ಬಂದು, ದೋಣಿ ಮೂತಿಗೆ ಒದ್ದೆ ಕೈಯಲ್ಲಿ ಎರಡು ಸಲ ತಟ್ಟಿದ್ರು. ಕಡಲಿಗೆ ಹೊರಡೋ ಮುಂಚೆ ದಿನಾ ತಟ್ತಿದ್ರಲ್ಲ, ಹಾಗೆ. ಕೆಲಸಕ್ಕೆ ಹೊರಟೋರನ್ನ ಹಿಂದಿಂದ ಕರೀತಾರಾ? ಮದುವೆಯಾದಾಗಿಂದ ಒಂದು ದಿನ ಕರೆದೋಳಲ್ಲ ನಾನು. ಬಾಯಿ ಮುಚ್ಕೊಂಡೆ."

"ಕೋಟು... ಹಾಕ್ಕೊಂಡಿದ್ರಾ?" ಅಂದ್ಳು ಮಿರ್ಸಿನಿ, ಅರ್ಗೀರಿಸ್ ಕಡೆ ಕಳ್ಳ ನಗು ನಗ್ತಾ.

"ಇಲ್ಲಮ್ಮ. ನಾನು ಹೆಣೆದ ನೀಲಿ ಸ್ವೆಟರು. ಮೊಣಕೈ ಹತ್ರ ಬೂದು ದಾರದಲ್ಲಿ ರಿಪೇರಿ ಮಾಡಿದ್ನಲ್ಲ, ಅದೇ. ತೋಳು ಎರಡೂ ಮೇಲಕ್ಕೆ ಮಡಚಿದ್ರು." ಉರಾನಿಯಾ ಆರು ತಿಂಗಳಲ್ಲಿ ಮೊದಲ ಸಲ ನಕ್ರು. "ಚಳಿ ಆಗ್ತಿರೋರು ತೋಳು ಮಡಚ್ತಾರಾ? ಸುಮ್ಮನೆ ಆ ಕೋಟು ಹೊತ್ಕೊಂಡು ತಿರುಗಿದೆ ನಾನು."

ಇನ್ನೊಂದು ಲೋಟ ತುಂಬ್ಕೊಂಡು ಬೇರೆಯೋರ ಕಡೆ ಹೋದ್ರು. ಮಿರ್ಸಿನಿ ಅರ್ಗೀರಿಸ್‌ನ ತೋಳು ಹಿಡ್ದು, ಅಂಗಳ ದಾಟಿಸಿ, ದಂಡೆ ಉದ್ದಕ್ಕೂ ಎಳ್ಕೊಂಡು ಹೋಗಿ ಸೋಪಿನ ಗೋಡೆ ಹತ್ರ ನಿಲ್ಲಿಸಿದ್ಳು. ತಟ್ಟೆ ಇನ್ನೂ ಕೈಯಲ್ಲೇ ಇತ್ತು.

"ಕೋಟು ತೆಗೆದುಬಿಟ್ಯಾ?"

"ಲಾಸ್ಟ್ ಮಿನಿಟಲ್ಲಿ... ಸೆಖೆ ಅಂತ..."

"ಕಾಲು ಎಳೆದೆ."

"ಪಾರ್ಟಲ್ಲಿ ಒಳಗೆ ಇಳೀಬೇಕಲ್ವಾ..."

"ದೋಣಿಗೆ ತಟ್ಟಿದೆ. ನೀರಿಗಿಳಿಯೋ ಮುಂಚೇನೇ ನಿನ್ನ ಕೈ ಒದ್ದೆ ಇತ್ತು."

ಅರ್ಗೀರಿಸ್ ಕೈ ತನ್ನ ಕಿವಿಗೆ ಹೋಯ್ತು.

"ಸ್ವೆಟರ್ ಎಲ್ಲಿಂದ ತಂದೆ ಅರ್ಗೀರಿ?" ಮಿರ್ಸಿನಿ ತಟ್ಟೇನ ಎದೆಗೆ ಅವುಚ್ಕೊಂಡ್ಳು. "ಅದು ಡಿಸೆಂಬರಲ್ಲಿ ಅಪ್ಪನ ಮೈಮೇಲೇ ಹೋಯ್ತು."

ಸರಿ. ಕಟ್. ಲೈಟ್ ಹಾಕಿ.

ಅರ್ಗೀರಿಸ್ ಅಂದ್ರೆ ನಾನೇ. ನಿಮಗೆ ಆಗ್ಲೇ ಗೊತ್ತಾಗಿರುತ್ತೆ, ನನ್ನನ್ನ ಇಷ್ಟು ಹೊಗಳೋನು ಈ ಊರಲ್ಲಿ ಇನ್ಯಾರಿದ್ದಾರೆ. ಆ ನಡಿಗೆ, ಹೂವಿನ ಹಾಗೆ ಅರಳಿದ ಕೋಟು, ಸ್ಲೋ ಮೋಷನ್, ಎಲ್ಲಾ ನಾನು ಆಮೇಲೆ ಕಪ್ಪು ತೊಳೀತಾ ಕಟ್ಟಿದ್ದು. ನಾನು ನೀರಿಗೆ ಇಳೀಲೇ ಇಲ್ಲ. ಗೋಡೆ ಬಿಟ್ಟು ಆಚೆ ಬರ್ಲೇ ಇಲ್ಲ.

ಕೋಟು ಹಾಕ್ಕೊಂಡಿದ್ದು ನಿಜ. ಟೋಪಿ ಇಳಿಸಿದ್ದೂ ನಿಜ. ಒಂದು ಕಾಲು ಬಿಸಿಲಿಗೆ ಇಟ್ಟೆ, ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ಯಾರೂ ಇಲ್ಲದ ಆ ಅಂಗಳದ ಕಡೆಯಿಂದ ಕಲ್ಲು ಸರಿಯೋಕೆ ಶುರುವಾಯ್ತು. ಒಬ್ಬರಲ್ಲ, ತುಂಬಾ ಜನ. ಮಕ್ಕಳ ಹೆಜ್ಜೇನೂ ಇತ್ತು ಅಂದ್ನಲ್ಲ, ಅದು ಮಾತ್ರ ಸುಳ್ಳಲ್ಲ. ನನ್ನ ಎರಡೂ ಕಡೆಯಿಂದ ದಾಟಿ ಹೋಗ್ತಿದ್ರು, ತಣ್ಣಗಿನ ಗಾಳಿ ಸೋಕಿದ ಹಾಗೆ. ನಾನು, ಸಾವಿಗೆ ತಪ್ಪು ಬೀದಿ ತೋರಿಸೋನು, ಕೋಟಿನ ಕಾಲರ್ ಕಣ್ಣಿಗೆ ಒತ್ಕೊಂಡು ಅಲ್ಲೇ ಕುಕ್ಕರಿಸಿಬಿಟ್ಟೆ. ಚಡ್ಡಿ ವಿಚಾರ ಕೇಳ್ಬೇಡಿ.

ಕೊನೇಲಿ ಒಂದು ಹೆಜ್ಜೆ ಬಂತು. ಕರಕ್. ಸರ್ರ್. ಕರಕ್. ಸರ್ರ್. ಡೀಸೆಲ್ ವಾಸನೆ ಬಂತು. ನನ್ನ ಪಕ್ಕದಲ್ಲಿ ನಿಂತಿತು. ಟೋಪಿ ಅಂಚು ಸ್ವಲ್ಪ ಮೇಲಕ್ಕೆ ಸರೀತು, ಕಿವಿಗೆ ಟಪ್ ಅಂತ ಒಂದು ಬಿತ್ತು. ಜೋರಾಗಿ ಏನಲ್ಲ. ಯಾವಾಗಲೂ ಬೀಳ್ತಿದ್ದಷ್ಟೇ. ಆಮೇಲೆ ಹೆಜ್ಜೆ ದೋಣಿ ಕಡೆ ಹೋಯ್ತು, ಮರದ ಮೇಲೆ ಎರಡು ತಟ್ಟಿದ ಸದ್ದು ಬಂತು, ಆಮೇಲೆ ಏನೂ ಇಲ್ಲ. ಪ್ರಾರ್ಥನೆ ಮುಗಿದು ಚರ್ಚಿನ ಗಂಟೆ ಹೊಡೆದ ಮೇಲೆ ಕಣ್ಣು ಬಿಟ್ಟೆ. ಕೋಟು ಒಣಗಿತ್ತು. ಕಿವಿ ಒದ್ದೆ ಇತ್ತು, ನೀರು ಕತ್ತಿನವರೆಗೆ ಇಳಿದಿತ್ತು. ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟೆ. ಉಪ್ಪು.

ಇಷ್ಟನ್ನೂ ಆ ಗೋಡೆ ಹತ್ರ ನಿಂತು ಮಿರ್ಸಿನಿಗೆ ಹೇಳ್ದೆ, ಒಂದು ಡೈಲಾಗೂ ಸೇರಿಸದೇ. ಬೈತಾಳೆ, ಇಲ್ಲಾ ಇನ್ನೊಂದು ಕೆನ್ನೆಗೆ ಬಿಡ್ತಾಳೆ ಅಂದ್ಕೊಂಡಿದ್ದೆ. ಅವಳು ತಟ್ಟೇನ ಕಲ್ಲಿನ ಮೇಲಿಟ್ಟು, "ಯಾವ ಕಿವಿ?" ಅಂದ್ಳು.

"ಎಡದ್ದು."

ಅದು ಒಣಗಿ ಒಂದು ವಾರ ಆಗಿತ್ತು. ಆದ್ರೂ ಕೈ ಚಾಚಿ ಮೆಲ್ಲಗೆ ಮುಟ್ಟಿದ್ಳು, ಆ ಬೆರಳನ್ನ ತನ್ನ ಕೆನ್ನೆಗೆ ಸವರ್ಕೊಂಡ್ಳು.